ಚಾವಡಿ ಗೋಡೆಯ ಕಲ್ಲಚ್ಚು: ಗುರುತು, ಖರೀದಿ, ಜತನ

ಚಿತ್ರಪಾಡಿ, ಕಾರ್ಕಡ, ಗುಂಡ್ಮಿ, ಪಾರಂಪಳ್ಳಿ ಎಂದು ಸಾಲಿಗ್ರಾಮದ ಸುತ್ತಮುತ್ತ ಹಳೆಯ ಹಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಮರ, ಹಂಚು, ದಾರಂದ, ಕಂಬಗಳಿಗೆ ಬೆಲೆ ಕಟ್ಟುವವರು ಮೊದಲೇ ಬಂದು ಮಾತಾಡಿಕೊಂಡು ಹೋಗುತ್ತಾರೆ. ಚಾವಡಿಯ ಗೋಡೆಯಲ್ಲಿ ಸಾಲಾಗಿ ತೂಗಿದ ಪಟಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಜು ಗಟ್ಟಿ ಇದ್ದರೆ ಅವು ಹೊಸ ಮನೆಯ ಅಟ್ಟ ಸೇರುತ್ತವೆ, ಒಡೆದಿದ್ದರೆ ಅಶ್ವತ್ಥ ಕಟ್ಟೆಗೋ ಹೊಳೆಗೋ ಹೋಗುತ್ತವೆ, ಕಟ್ಟಿನ ಮರ ಒಳ್ಳೆಯದಿದ್ದರೆ ಗುಜರಿಯವರ ಪಾಲು. ಆ ಪಟಗಳಲ್ಲಿ ಕೆಲವು ನೂರು ವರ್ಷ ದಾಟಿದ ಕಲ್ಲಚ್ಚುಗಳು, ಅಂದರೆ ಲಿಥೋಗ್ರಾಫ್‌ಗಳು. ಕುಶಲಿಗಳು ಕಲ್ಲಿನ ಮೇಲೆ ಕೈಯಲ್ಲಿ ಬರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಅಚ್ಚು ಹಾಕಿದ ಚಿತ್ರಗಳು ಅವು.

ಲಿಥೋಗ್ರಾಫ್ ಸಂಗ್ರಹ ಎಂದೊಡನೆ ಮುಂಬಯಿಯ ಹರಾಜು, ಅಮೆರಿಕದ ಗ್ಯಾಲರಿ, ಪೆನ್ಸಿಲಿನಲ್ಲಿ ನಂಬರು ಹಾಕಿ ಕಲಾವಿದರು ಸಹಿ ಮಾಡಿದ ಹಾಳೆಗಳು ನೆನಪಾಗುತ್ತವೆ. ಅವುಗಳ ಬಗ್ಗೆಯೂ ಇಲ್ಲಿ ಹೇಳುತ್ತೇನೆ. ಆದರೆ ನಮ್ಮ ಕಡೆಯವರು ಈ ಹವ್ಯಾಸವನ್ನು ಮನೆಯ ಗೋಡೆಯಿಂದಲೇ ಶುರು ಮಾಡುವುದು ಒಳ್ಳೆಯದು. ಇರುವ ಒಂದು ಪಟವನ್ನು ಓದಲು ಕಲಿತವರು ಅಂಗಡಿಯಲ್ಲಿ ಸುಲಭವಾಗಿ ಮೋಸ ಹೋಗುವುದಿಲ್ಲ.

ಕಲ್ಲಿನ ಕೆಲಸ

ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಮಾಡುವ ದಾರಿ ಹುಡುಕುತ್ತ 1796ರಲ್ಲಿ ಕಂಡುಕೊಂಡ ವಿದ್ಯೆ ಇದು. ನೀರಿಗೂ ಜಿಡ್ಡಿಗೂ ಕೂಡಿಬರುವುದಿಲ್ಲ ಎಂಬುದೇ ಇದರ ತಳಹದಿ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದಲೋ ಶಾಯಿಯಿಂದಲೋ ಚಿತ್ರ ಬರೆಯುತ್ತಾರೆ. ಅದರ ಮೇಲೆ ಗೋಂದು ಮತ್ತು ತೆಳು ಆಮ್ಲದ ಮಿಶ್ರಣ ಹಚ್ಚಿ ಚಿತ್ರವನ್ನು ಕಲ್ಲಿಗೆ ಕಚ್ಚಿಸುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಹೊರಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಕಾಗದ ಇಟ್ಟು ಒತ್ತಿದರೆ ಚಿತ್ರ ತಿರುವುಮುರುವಾಗಿ ಮೂಡುತ್ತದೆ. ಬಣ್ಣದ ಚಿತ್ರಕ್ಕೆ ಇಷ್ಟನ್ನೂ ಪ್ರತಿ ಬಣ್ಣಕ್ಕೆ ಬೇರೆ ಬೇರೆ ಕಲ್ಲಿನಲ್ಲಿ ಮಾಡಬೇಕು. ಅದೇ ಹಾಳೆಯನ್ನು ಮತ್ತೆ ಮತ್ತೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಇಟ್ಟು ಒತ್ತಬೇಕು.

ಕರಾವಳಿಗೆ ಈ ವಿದ್ಯೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದದ್ದು ಕಲ್ಲಚ್ಚಿನ ಯಂತ್ರದಿಂದಲೇ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ಮೊಳೆಯಚ್ಚಿನಲ್ಲಿ ಬರತೊಡಗಿತು. ನಾವು ಪ್ರತಿವರ್ಷ ಜುಲೈ 1ರಂದು ಆಚರಿಸುವ ಪತ್ರಿಕಾ ದಿನದ ಹಿಂದೆ ಒಂದು ಕಲ್ಲಿನ ಹಲಗೆ ಇದೆ ಎಂಬುದನ್ನು ಶಾಲೆಯ ಮಕ್ಕಳಿಗೂ ಹೇಳಬೇಕು.

ಚಾವಡಿಗೆ ಬಂದ ಪಟಗಳ ದಾರಿ ಬೇರೆ. ಬರೋಡಾದ ದಿವಾನರಾಗಿದ್ದ ಟಿ. ಮಾಧವರಾಯರು ರಾಜಾ ರವಿವರ್ಮನಿಗೆ ಒಂದು ಸಲಹೆ ಕೊಟ್ಟಿದ್ದರು: ನಿನ್ನ ಚಿತ್ರಗಳಿಗೆ ಇಷ್ಟು ಬೇಡಿಕೆ ಇದೆ, ಒಬ್ಬನೇ ಬರೆದು ಪೂರೈಸಲಾರೆ, ಅಚ್ಚು ಹಾಕಿಸು ಎಂದು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಜರ್ಮನಿಯ ಯಂತ್ರ, ಜರ್ಮನಿಯ ತಂತ್ರಜ್ಞರನ್ನು ತರಿಸಿ ಮುದ್ರಣಾಲಯ ಶುರು ಮಾಡಿದ. ಕೆಲವೇ ವರ್ಷಗಳಲ್ಲಿ ಅದು ಲೋಣಾವಳದ ಹತ್ತಿರದ ಮಳವಳಿಗೆ ಹೋಯಿತು. ಸಾಲ ಮೈಮೇಲೆ ಬಂದಾಗ ಅಲ್ಲಿಯ ತಂತ್ರಜ್ಞ ಫ್ರಿಟ್ಸ್ ಶ್ಲೈಷರನಿಗೇ ಮಾರಿಬಿಟ್ಟ. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಮುದ್ರಣಾಲಯ ದಶಕಗಟ್ಟಲೆ ನಡೆಯಿತು. ಕಮಲದ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಮಾಲೆ ಎತ್ತಿದ ಆನೆ, ವೀಣೆ ಹಿಡಿದ ಸರಸ್ವತಿ, ಎದುರಿಗೆ ನವಿಲು: ನಮ್ಮ ಅಜ್ಜಿಯಂದಿರ ಮನಸ್ಸಿನಲ್ಲಿ ದೇವರಿಗೆ ಮುಖ ಬಂದದ್ದು ಈ ಕಲ್ಲುಗಳಿಂದ. ದೇವಸ್ಥಾನದ ಗರ್ಭಗುಡಿಯ ಹತ್ತಿರ ಯಾರನ್ನು ಬರಲು ಬಿಡುತ್ತಿರಲಿಲ್ಲವೋ ಅವರ ಮನೆಗೂ ಈ ಪಟಗಳು ಹೋದವು. ಕಲೆಯ ಚರಿತ್ರೆಯಲ್ಲಿ ಇದೇನೂ ಸಣ್ಣ ಸಂಗತಿಯಲ್ಲ.

ರವಿವರ್ಮ ಮುದ್ರಣಾಲಯ ತನ್ನ ಪಟಗಳಿಗೆ ಇಷ್ಟೇ ಪ್ರತಿ ಎಂಬ ಮಿತಿ ಹಾಕಿರಲಿಲ್ಲ. ಬೇಡಿಕೆ ಇದ್ದಷ್ಟು ಅಚ್ಚು ಹಾಕಿ ಮಾರಿದರು. ಮಿತಿ ಬಂದದ್ದು ಆಮೇಲೆ, ನಮ್ಮ ಮಳೆಯಿಂದ, ಒರಲೆಯಿಂದ, ಒಲೆಯ ಹೊಗೆಯಿಂದ, ಮನೆ ಪಾಲಾದಾಗಿನ ಅಸಡ್ಡೆಯಿಂದ. 1972ರಲ್ಲಿ ಮಳವಳಿಯ ಕಾರ್ಖಾನೆಗೇ ಬೆಂಕಿ ಬಿತ್ತು. ಹಾಗಾಗಿ ಬಣ್ಣ ಮಾಸದೆ, ಅಂಚು ಕತ್ತರಿಸದೆ ಉಳಿದ ಪ್ರತಿ ಇವತ್ತು ನಂಬರು ಹಾಕಿದ ಹಾಳೆಗಿಂತ ಅಪರೂಪ ಆಗಬಹುದು.

ಪಟವನ್ನು ಓದುವುದು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಕನ್ನಡಿ ಒಂದು ಬೇಕು. ಗಡಿಯಾರ ರಿಪೇರಿಯವರು, ಚಿನ್ನದ ಕೆಲಸದವರು ಕಣ್ಣಿಗೆ ಹಿಡಿಯುವಂಥದ್ದು. ಹಗಲಿನ ಬೆಳಕಿನಲ್ಲಿ ಲಕ್ಷ್ಮಿಯ ಕೆನ್ನೆಯ ಮೇಲೆ ಅದನ್ನು ಇಟ್ಟು ನೋಡಿ. ಕಲ್ಲಚ್ಚಾದರೆ ಗುಲಾಬಿ, ಕಂದು, ತಿಳಿಹಳದಿ ಚುಕ್ಕೆಗಳು ಒಂದರ ಪಕ್ಕ ಒಂದು, ಒಂದರ ಮೇಲೊಂದು ಕಾಣುತ್ತವೆ. ಅವುಗಳ ಗಾತ್ರ ಒಂದೇ ಇಲ್ಲ, ಸಾಲೂ ಇಲ್ಲ. ನೆರಳಿದ್ದಲ್ಲಿ ಒತ್ತಾಗಿ, ಬೆಳಕಿದ್ದಲ್ಲಿ ವಿರಳವಾಗಿ, ಒಬ್ಬ ಮನುಷ್ಯನ ಕೈ ಕುಳಿತು ಇಟ್ಟ ಚುಕ್ಕೆಗಳು ಎಂಬುದು ಕೂಡಲೇ ಗೊತ್ತಾಗುತ್ತದೆ. ಸೀರೆಯ ಅಂಚಿಗೆ ಕಣ್ಣು ಸರಿಸಿದರೆ ಕೆಂಪು ಬಣ್ಣ ತನ್ನ ಗೆರೆಯನ್ನು ಸ್ವಲ್ಪ ದಾಟಿ ಹಸಿರಿನ ಮೇಲೆ ಕುಳಿತಿರಬಹುದು. ಹಾಳೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುವಾಗ ಸರಿದ ಗುರುತು ಅದು. ಅದನ್ನು ದೋಷ ಅಂತ ತಿಳಿಯಬೇಡಿ, ಅದೇ ಸಾಕ್ಷಿ.

ಈಗಿನ ಆಫ್‌ಸೆಟ್ ಮುದ್ರಣದ ಕ್ಯಾಲೆಂಡರಿನಲ್ಲಿ ಚುಕ್ಕೆಗಳು ಅಳತೆಗೋಲಿಟ್ಟಂತೆ ಸಾಲಾಗಿದ್ದು, ನಾಲ್ಕು ಬಣ್ಣ ಸೇರಿ ಪುಟ್ಟ ಪುಟ್ಟ ಹೂವಿನ ಆಕಾರ ಮಾಡಿರುತ್ತವೆ. ಕಂಪ್ಯೂಟರಿನಿಂದ ತೆಗೆದ ಪ್ರಿಂಟಿನಲ್ಲಿ ಶಾಯಿ ಸಿಂಪಡಿಸಿದಂತೆ ಇರುತ್ತದೆ. ಒಮ್ಮೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ರೂಢಿಯಾಗುತ್ತದೆ, ಮತ್ತೆ ಮರೆಯುವುದಿಲ್ಲ.

ಆಮೇಲೆ ಕೆಳಗಿನ ಅಂಚನ್ನು ಓದಿ. ಮುದ್ರಣಾಲಯದ ಹೆಸರು, ಊರು ಇಂಗ್ಲಿಷಿನಲ್ಲಿ ಸಣ್ಣದಾಗಿ ಇರುತ್ತದೆ. ಮುಂಬಯಿ ಎಂದಿದ್ದರೆ ಆರಂಭದ ಕಾಲದ್ದು ಆಗಿರುವ ಸಾಧ್ಯತೆ ಹೆಚ್ಚು. ಕಾರ್ಲಾ, ಲೋಣಾವಳ, ಮಳವಳಿ ಎಂದಿದ್ದರೆ ನಂತರದ್ದು. ಜರ್ಮನಿಯಲ್ಲಿ ಅಚ್ಚಾದದ್ದು ಎಂದು ನಮೂದಿಸಿದ ದೇವರ ಪಟಗಳೂ ನಮ್ಮ ದೇಶಕ್ಕೆ ಬಂದಿದ್ದವು. ಪುಣೆಯ ಚಿತ್ರಶಾಲಾ, ಕಲ್ಕತ್ತೆಯ ಆರ್ಟ್ ಸ್ಟುಡಿಯೋ ಎರಡೂ 1878ರ ಸುಮಾರಿಗೆ, ರವಿವರ್ಮನಿಗಿಂತ ಮೊದಲೇ ಕೆಲಸ ಶುರು ಮಾಡಿದವು. ಅವುಗಳ ಹೆಸರು ಕಂಡರೆ ಪಟವನ್ನು ಇನ್ನಷ್ಟು ಜೋಪಾನ ಮಾಡಿ. ರವಿವರ್ಮ ಪ್ರೆಸ್ ಎಂದು ಬರೆದ ಮಾತ್ರಕ್ಕೆ ಚಿತ್ರ ರವಿವರ್ಮನದ್ದೇ ಎಂದು ತಿಳಿಯಬಾರದು. ಎಂ.ವಿ. ಧುರಂಧರ್ ಮೊದಲಾದವರ ಚಿತ್ರಗಳನ್ನೂ ಅಲ್ಲಿ ಅಚ್ಚು ಹಾಕಿದರು. ಕಟ್ಟು ಹಾಕುವವರು ಅಳತೆಗೆ ಹೊಂದಿಸಲು ಅಂಚನ್ನೇ ಕತ್ತರಿಸಿ ಎಸೆದ ಪಟಗಳು ಬೇಕಾದಷ್ಟಿವೆ, ಅಂಥವುಗಳ ಬೆಲೆ ಇಳಿಯುತ್ತದೆ.

ಕೆಲವು ಪಟಗಳಲ್ಲಿ ದೇವಿಯ ಸೀರೆಗೆ ನಿಜವಾದ ಬಟ್ಟೆ, ಜರಿ, ಮಿಂಚುವ ಬಿಲ್ಲೆ ಅಂಟಿಸಿ ಹೊಲಿದಿರುತ್ತಾರೆ. ಮನೆಯ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಮಾಡಿದ ಕೆಲಸ ಇರಬಹುದು, ಅಂಗಡಿಯವರು ಮಾಡಿಸಿದ್ದೂ ಇರಬಹುದು. ಧೂಳು ಹಿಡಿದಿದೆ ಎಂದು ಅದನ್ನು ಕಿತ್ತು ‘ಮೂಲ ಚಿತ್ರ’ ಕಾಣಿಸಲು ಹೋಗಬೇಡಿ. ಸಂಗ್ರಾಹಕರು ಹುಡುಕಿಕೊಂಡು ಬರುವುದು ಅಂಥ ಪಟಗಳನ್ನೇ, ಮತ್ತು ಹಾಗೆ ಅಲಂಕರಿಸಿದ ಪ್ರತಿ ಜಗತ್ತಿನಲ್ಲಿ ಅದೊಂದೇ.

ಕಣ್ಣು ಪಳಗಿಸಿಕೊಳ್ಳಲು ದೂರ ಹೋಗಬೇಕಿಲ್ಲ. ಸಾಲಿಗ್ರಾಮದಿಂದ ಸುಮಾರು 25 ಕಿಲೋಮೀಟರ್ ದೂರದ ಮಣಿಪಾಲದಲ್ಲಿ ವಿಜಯನಾಥ ಶೆಣೈ (1934–2017) ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದೆ. ಇಳಿಸಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿದವರು ಅವರು. ಅಲ್ಲಿ ರವಿವರ್ಮನ ಮುದ್ರಿತ ಚಿತ್ರಗಳಿಗೇ ಒಂದು ಗ್ಯಾಲರಿ ಇದೆ. ಮೂಲ ತೈಲಚಿತ್ರ ನೋಡಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ಒಂದೇ ಕಲಾವಿದನ ಕುಂಚ ಮತ್ತು ಕಲ್ಲು ಎರಡನ್ನೂ ನೋಡಿದ ಮೇಲೆ ಅಚ್ಚಿನವರ ಕೌಶಲ ಎಷ್ಟೆಂದು ಅರ್ಥವಾಗುತ್ತದೆ. ಓದುವವರಿಗೆ ನಮ್ಮವರೇ ಆದ ಶಿವರಾಮ ಕಾರಂತರ ‘ಭಾರತೀಯ ಚಿತ್ರಕಲೆ’ ಇದೆ. ಕೋಟದಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದ ಕಾರಂತರು ಪುತ್ತೂರಿನಲ್ಲಿದ್ದಾಗ ಸ್ವಂತ ಮುದ್ರಣಾಲಯವನ್ನೂ ನಡೆಸಿದ್ದರು.

ನಂಬರು ಹಾಕಿದ ಹಾಳೆ

ಈಗ ಕೊಳ್ಳುವ ವಿಷಯ. ಇಂದಿನ ಕಲಾವಿದರ ಕಲ್ಲಚ್ಚಿನ ಕೆಳಗೆ ಪೆನ್ಸಿಲಿನಲ್ಲಿ 12/50 ಎಂದು ಬರೆದಿದ್ದರೆ ಒಟ್ಟು ಐವತ್ತು ಪ್ರತಿಗಳಲ್ಲಿ ಇದು ಹನ್ನೆರಡನೆಯದು ಎಂದರ್ಥ. ಬಲಬದಿಯಲ್ಲಿ ಕಲಾವಿದರ ಸಹಿ ಇರುತ್ತದೆ. ಒಂದನೆಯ ನಂಬರು ಐವತ್ತನೆಯದಕ್ಕಿಂತ ಮೇಲು ಎಂಬ ನಂಬಿಕೆಗೆ ಬುಡವಿಲ್ಲ, ನಂಬರು ಹಾಕುವುದು ಸಾಮಾನ್ಯವಾಗಿ ಹಾಳೆಗಳು ಒಣಗಿದ ಮೇಲೆ, ಅಚ್ಚಾದ ಕ್ರಮದಲ್ಲೇ ಎಂದೇನಿಲ್ಲ. ಎ.ಪಿ. ಎಂದಿದ್ದರೆ ಅದು ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ, ಲೆಕ್ಕಕ್ಕೆ ಹೊರತು. ಇದ್ದ ಪ್ರತಿಗಳೆಲ್ಲ ತೆಗೆದಾದ ಮೇಲೆ ಕಲ್ಲನ್ನು ಉಜ್ಜಿ ಚಿತ್ರ ಅಳಿಸಿಬಿಡುತ್ತಾರೆ. ಆ ಅಳಿಸುವಿಕೆಯೇ ಮಿತಿಯ ಮಾತಿಗೆ ಆಧಾರ, ಅದಿಲ್ಲದೆ ನಂಬರಿಗೆ ಬೆಲೆಯಿಲ್ಲ.

ಅಮೆರಿಕದಲ್ಲಿ ಈ ಶಿಸ್ತು ಗಟ್ಟಿಯಾದದ್ದರಲ್ಲಿ ಜೂನ್ ವೇಯ್ನ್ ಎಂಬ ಕಲಾವಿದೆಯ ಪಾಲು ದೊಡ್ಡದು. ಕಲ್ಲಚ್ಚಿನ ಕುಶಲಿಗಳು ಅಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದ್ದಾಗ ಆಕೆ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ 1960ರಲ್ಲಿ ಲಾಸ್ ಏಂಜಲೀಸಿನಲ್ಲಿ ಟ್ಯಾಮರಿಂಡ್ ಕಾರ್ಯಾಗಾರ ತೆರೆದರು. 1970ರಲ್ಲಿ ಅದು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಕ್ಕೆ ಸೇರಿತು, ಈಗಲೂ ನಡೆಯುತ್ತಿದೆ. ಅಲ್ಲಿ ಅಚ್ಚಾದ ಹಾಳೆಯಲ್ಲಿ ಕಾರ್ಯಾಗಾರದ ಉಬ್ಬು ಮುದ್ರೆ ಇರುತ್ತದೆ. ಹಾಳೆಯನ್ನು ಓರೆ ಬೆಳಕಿಗೆ ಹಿಡಿದರೆ, ಬೆರಳಿಂದ ಸವರಿದರೆ ಸಿಗುತ್ತದೆ. ಅದಕ್ಕೂ ಮೊದಲು, 1934ರಿಂದ, ನ್ಯೂಯಾರ್ಕಿನ ಅಸೋಸಿಯೇಟೆಡ್ ಅಮೆರಿಕನ್ ಆರ್ಟಿಸ್ಟ್ಸ್ ಸಂಸ್ಥೆ ಥಾಮಸ್ ಹಾರ್ಟ್ ಬೆಂಟನ್ ಅಂಥವರ ಸಹಿ ಇದ್ದ ಕಲ್ಲಚ್ಚುಗಳನ್ನು ಸಾಮಾನ್ಯವಾಗಿ 250 ಪ್ರತಿಗಳಂತೆ ತಲಾ ಐದು ಡಾಲರಿಗೆ ಮಾರಿತ್ತು. ಕೆಲಸದವರು, ಶಿಕ್ಷಕರು ಕೊಂಡು ಗೋಡೆಗೆ ಹಾಕಿದರು. ಸಂಗ್ರಹ ಅಂದರೆ ಶ್ರೀಮಂತರ ಆಟ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಅಮೆರಿಕದಲ್ಲಿರುವ ನಮ್ಮ ಊರಿನ ಮಕ್ಕಳು ಅಲ್ಲಿಯ ಹಾಳೆ ಕೊಳ್ಳುವುದಾದರೆ ಮೂರು ವಿಷಯ ಕೇಳಿ ತಿಳಿಯಲಿ: ಎಷ್ಟು ಪ್ರತಿ, ಯಾವ ಕಾರ್ಯಾಗಾರ, ಕಲಾವಿದರ ಮುದ್ರಿತ ಕೃತಿಗಳ ಪೂರ್ಣ ಪಟ್ಟಿಯಲ್ಲಿ ಇದು ಇದೆಯೇ.

ಎಚ್ಚರ ಬೇಕಾದದ್ದು ಒಂದು ಜಾಗದಲ್ಲಿ. ತೈಲಚಿತ್ರದ ಫೋಟೋ ತೆಗೆದು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿ, ಅದಕ್ಕೆ ಕಲಾವಿದರ ಸಹಿ ಹಾಕಿಸಿ, ನಂಬರು ಬರೆದು ‘ಲಿಥೋಗ್ರಾಫ್’ ಎಂದೇ ಮಾರುವುದುಂಟು. ಆಫ್‌ಸೆಟ್ಟೂ ತಾಂತ್ರಿಕವಾಗಿ ಅದೇ ಕುಲದ್ದು, ಹಾಗಾಗಿ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಕಲಾವಿದರ ಕೈ ಕಲ್ಲನ್ನು ಮುಟ್ಟಿಲ್ಲ. ಸಾಲ್ವಡಾರ್ ಡಾಲಿ ಸಾವಿರಾರು ಖಾಲಿ ಹಾಳೆಗಳಿಗೆ ಸಹಿ ಮಾಡಿಕೊಟ್ಟ ಮೇಲೆ ಅವನ ಹೆಸರಿನ ಕಲ್ಲಚ್ಚುಗಳನ್ನು ಇವತ್ತಿಗೂ ಜನ ಅನುಮಾನದಿಂದಲೇ ನೋಡುತ್ತಾರೆ. ಸಹಿಯನ್ನು ನಂಬುವ ಮೊದಲು ಚುಕ್ಕೆಯನ್ನು ನೋಡಿ.

ನಮ್ಮಲ್ಲಿ ಕೊಳ್ಳುವವರಿಗೆ ಒಳ್ಳೆಯ ಬಾಗಿಲು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು. ಜನವರಿಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಗ್ರಾಫಿಕ್ ಕಲಾವಿದರು ಹಾಳೆಗಳನ್ನು ಹರಡಿಕೊಂಡು ಕೂತಿರುತ್ತಾರೆ, ನೇರವಾಗಿ ಮಾತಾಡಿ ಕೊಳ್ಳಬಹುದು. ಎಷ್ಟು ಪ್ರತಿ ತೆಗೆದಿದ್ದೀರಿ, ಕಲ್ಲೋ ಲೋಹದ ತಗಡೋ, ಯಾವ ಕಾಗದ ಎಂದು ಕೇಳಿದರೆ ಅವರು ಸಂತೋಷದಿಂದಲೇ ಹೇಳುತ್ತಾರೆ. ಒಂದು ಚೀಟಿಯಲ್ಲಿ ಅದನ್ನೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996) ಪ್ಯಾರಿಸಿಗೆ ಹೋದಾಗ ವರ್ಣಚಿತ್ರದ ಜೊತೆಗೆ ಗ್ರಾಫಿಕ್ ಕಲೆಯನ್ನೂ ಕಲಿತು ಬಂದವರು. ನಮ್ಮ ಜಿಲ್ಲೆಯ ಹುಡುಗರು ಈ ವಿದ್ಯೆಗೆ ಬಂದರೆ ಅವರ ಮೊದಲ ಹಾಳೆಗಳನ್ನು ಕೊಳ್ಳುವವರು ನಾವೇ ಆಗಬೇಕು. ನಾಳೆ ಬೆಲೆ ಏರುತ್ತದೆ ಎಂಬ ಲೆಕ್ಕದಲ್ಲಿ ಕೊಳ್ಳಬೇಡಿ, ಅದಕ್ಕೆ ಬೇರೆ ದಾರಿಗಳಿವೆ. ದಿನಾ ನೋಡಿದರೂ ಬೇಸರ ಬರದು ಎನಿಸಿದ್ದನ್ನು ಕೊಳ್ಳಿ.

ಮಳೆಗಾಲಕ್ಕೆ ಮುಂಚೆ

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಕಾಗದ ಉಳಿಸುವುದು ಸುಲಭವಲ್ಲ. ಕಾಗದಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ಶೇ. 65 ದಾಟಿದರೆ ಬೂಷ್ಟು ಏಳತೊಡಗುತ್ತದೆ, ಮತ್ತು ಆಟಿ ತಿಂಗಳಿನಲ್ಲಿ ನಮ್ಮ ಮನೆಯೊಳಗೆ ಅದು 80ಕ್ಕೂ ಮೇಲೆ ಹೋಗುತ್ತದೆ. ಆದ್ದರಿಂದ ಪಟವನ್ನು ಮಳೆ ಹೊಡೆಯುವ ಹೊರಗೋಡೆಯ ಒಳಮೈಗೆ ಎಂದೂ ತೂಗಬೇಡಿ, ನಡುಗೋಡೆಗೆ ಹಾಕಿ. ಕೆಂಪುಕಲ್ಲಿನ ಗೋಡೆ ತಂಪು ಹೀರಿ ಹಿಡಿದುಕೊಳ್ಳುತ್ತದೆ. ಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ. ಖರ್ಚು ಏನೂ ಇಲ್ಲ, ಉಪಕಾರ ದೊಡ್ಡದು.

ಹಳೆಯ ಕಟ್ಟುಗಳ ಹಿಂಬದಿಯಲ್ಲಿ ಮರದ ಹಲಗೆ ಇರುತ್ತದೆ. ಆ ಮರದ ಹುಳಿ ಕಾಗದಕ್ಕೆ ಇಳಿದು ಕಂದು ಪಟ್ಟೆಗಳು ಮೂಡುತ್ತವೆ. ಹಲಗೆಯ ಸೀಳು ಎಲ್ಲಿತ್ತು ಎಂಬುದು ಚಿತ್ರದ ಮೇಲೆ ಗೆರೆಯಾಗಿ ಬಿದ್ದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಕಟ್ಟು ಬದಲಿಸುವಾಗ ಹುಳಿಯಿಲ್ಲದ ರಟ್ಟು, ಅಂದರೆ ಆ್ಯಸಿಡ್ ಫ್ರೀ ಬೋರ್ಡ್, ಕೇಳಿ ಹಾಕಿಸಿ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಅಂತರ ಬೇಕು. ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಣ್ಣ ಗಾಜಿನಲ್ಲೇ ಉಳಿದುಬಿಡುತ್ತದೆ. ಅಂಥದ್ದನ್ನು ಗಾಜಿನ ಸಮೇತ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಕಲಾ ಸಂರಕ್ಷಣಾ ಕೇಂದ್ರದವರಿಗೆ ತೋರಿಸಿ. ಲ್ಯಾಮಿನೇಶನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋ ಟೇಪು ಹಚ್ಚಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬೂಷ್ಟು ಕಂಡರೆ ನೆರಳಿನ ಗಾಳಿಯಲ್ಲಿ ಒಣಗಲು ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ.

ಪೂಜೆಯಲ್ಲಿರುವ ಪಟವನ್ನು ಪೂಜೆಯಿಂದ ತೆಗೆಯಿರಿ ಎಂದು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅದು ಬಂದದ್ದೇ ಅದಕ್ಕೆ. ಆದರೆ ದೀಪ, ಊದುಬತ್ತಿಗಳನ್ನು ಒಂದು ಮೊಳ ಮುಂದಕ್ಕೆ ಸರಿಸಬಹುದು. ಗಂಧ, ಕುಂಕುಮ ಗಾಜಿನ ಮೇಲಷ್ಟೇ ಇರಲಿ, ಸಂದಿಯಲ್ಲಿ ನೀರು ಇಳಿಯದಿರಲಿ. ಇನ್ನು, ಒಡೆದ ಪಟ ಮನೆಯಲ್ಲಿ ಇರಬಾರದು ಎಂಬ ನಂಬಿಕೆಯಿಂದ ಕಳೆದುಹೋದಷ್ಟು ಕಲ್ಲಚ್ಚುಗಳು ಒರಲೆಯಿಂದಲೂ ಹೋಗಿರಲಿಕ್ಕಿಲ್ಲ. ಒಡೆದದ್ದು ಗಾಜು, ದೇವರಲ್ಲ. ಹೊಸ ಗಾಜು ಹಾಕಿಸಿದರೆ ಪಟ ಪೂರ್ಣವಾಯಿತು.

ಮಾರುವ ಯೋಚನೆ ಇದ್ದವರು ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ರವಿವರ್ಮನ ಕೃತಿಗಳನ್ನು ಸರಕಾರ 1979ರಲ್ಲಿ ಕಲಾನಿಧಿ ಎಂದು ಘೋಷಿಸಿದೆ. ವಿದೇಶದಲ್ಲಿರುವ ಮಗನ ಮನೆಗೆ ಅಜ್ಜನ ಕಾಲದ ಪಟ ಕಳಿಸುವ ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಬಾಗಿಲಿಗೆ ಬಂದು ಕಟ್ಟಿನ ಮರಕ್ಕೆ ಬೆಲೆ ಹೇಳುವವರಿಗೆ ಅದೇ ದಿನ ಉತ್ತರ ಕೊಡಬೇಡಿ. ಹರಾಜು ಸಂಸ್ಥೆಗಳು ಹಿಂದಿನ ಮಾರಾಟದ ಬೆಲೆಗಳನ್ನು ತಮ್ಮ ಜಾಲತಾಣದಲ್ಲಿ ಹಾಕಿರುತ್ತವೆ, ಅದೇ ಚಿತ್ರ, ಅದೇ ಅಳತೆ ಹುಡುಕಿ ನೋಡಿದ ಮೇಲೆ ಮಾತಾಡಿ.

ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸಕ್ಕೆ ಒಂದು ನೋಟ್ ಪುಸ್ತಕ ಸಾಕು. ಪಟದ ಮುಂದೆ, ಹಿಂದೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಟ್ಟು ಹಾಕಿದ ಅಂಗಡಿಯ ಚೀಟಿ ಹಿಂಬದಿಯಲ್ಲಿ ಉಳಿದಿದ್ದರೆ ಅದನ್ನು ಕಿತ್ತು ಎಸೆಯಬೇಡಿ. ಉದ್ದ, ಅಗಲ, ಅಂಚಿನ ಬರಹ ಬರೆದುಕೊಳ್ಳಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಪಕ್ಕದಲ್ಲಿ ಕೂತು ಕೇಳಿ: ಇದನ್ನು ತಂದದ್ದು ಯಾರು, ಮುಂಬಯಿಯಿಂದಲೋ ಮಂಗಳೂರಿನಿಂದಲೋ, ಯಾವ ಮದುವೆ ಅಥವಾ ಒಕ್ಕಲಿನ ಹೊತ್ತಿಗೆ ಬಂತು, ಮೊದಲು ಯಾವ ಗೋಡೆಯಲ್ಲಿತ್ತು. ಅವರು ಹೇಳಿದ್ದನ್ನು ಹೆಸರು, ತಾರೀಕು ಸಮೇತ ಬರೆದು ಪಟದ ಜೊತೆಗೇ ಇಡಿ. ಈ ಕೆಲಸವನ್ನು ಈ ವಾರವೇ ಮಾಡಿ.